ಕಿರೀಟ ಉಳಿಸಿದ್ದು ಕೋಡ್: ವರ್ಡ್‌ಪ್ರೆಸ್ ಚಿತ್ರದ ಅಳತೆಗೆ ಮೂರು ದಾರಿ

ವೆಬ್‌ಸೈಟ್ ಕಟ್ಟುವ ತಂತ್ರಾಂಶ ವರ್ಡ್‌ಪ್ರೆಸ್‌ನಲ್ಲಿ ನಮಗೆ ಬೇಕಾದ ಅಳತೆಗೆ ಚಿತ್ರ ಮಾಡಿಕೊಳ್ಳಲು ಮೂರು ದಾರಿ ಬಳಸಿ ನೋಡಿದೆ: ದುಡ್ಡು ಕೊಟ್ಟ ಪ್ಲಗಿನ್ (ವರ್ಡ್‌ಪ್ರೆಸ್‌ಗೆ ಸೇರಿಸುವ ಪುಟ್ಟ ತಂತ್ರಾಂಶ), ಸಿಡಿಎನ್ ಸೇವೆ (ಚಿತ್ರಗಳನ್ನು ತನ್ನ ಸರ್ವರ್‌ಗಳಿಂದ ಓದುಗರಿಗೆ ತಲುಪಿಸುವಂಥದ್ದು), ಸ್ವಂತ ಕೋಡ್. ನನ್ನ ಓಟು ಕೋಡ್‌ಗೇ. ನನ್ನದು ಯಕ್ಷಗಾನದ ಫೋಟೋ ಸೈಟ್, ಇರೋದು ಅಗ್ಗದ ಶೇರ್ಡ್ ಹೋಸ್ಟಿಂಗ್‌ನಲ್ಲಿ.

ಪ್ಲಗಿನ್ ಸುಲಭ. ಅಗಲ, ಎತ್ತರ ತುಂಬಿ ಸೇವ್ ಒತ್ತಿದರೆ ಆಯ್ತು. ಆದರೆ ನಾನು ಕೊಂಡದ್ದರಲ್ಲಿ ಕ್ರಾಪ್ (ಅಂಚು ಕತ್ತರಿಸುವುದು) ಬೇಕೋ ಬೇಡವೋ ಅನ್ನುವ ಒಂದು ಟಿಕ್ ಬಿಟ್ಟರೆ ಬೇರೆ ಆಯ್ಕೆ ಇರಲಿಲ್ಲ. ಬೇಕು ಅಂದರೆ ನಡುಭಾಗ ಮಾತ್ರ ಉಳಿಯುತ್ತದೆ. ನಿಂತ ವೇಷದ ಉದ್ದ ಫೋಟೋ 600×400ಕ್ಕೆ ಬಂದಾಗ ಎದೆಪದಕ, ಸೊಂಟಪಟ್ಟಿ ಚೆನ್ನಾಗಿ ಕಂಡವು, ತಲೆ ಮಾತ್ರ ಇಲ್ಲ. ಕೇದಗೆ ಮುಂದಲೆ ಅನ್ನುವ ತಲೆಯ ಅಲಂಕಾರವೇ ಇಲ್ಲದ ಅಭಿಮನ್ಯುವನ್ನು ಯಾರಿಗೆ ತೋರಿಸೋದು?

ಕೋಡ್‌ನಲ್ಲಿ ಇದಕ್ಕೆ ಒಂದೇ ಸಾಲು ಸಾಕು. 'ಆ್ಯಡ್ ಇಮೇಜ್ ಸೈಜ್' ಫಂಕ್ಷನ್‌ಗೆ ಹೆಸರು, ಅಗಲ, ಎತ್ತರ ಕೊಟ್ಟು, ಕೊನೆಗೆ 'ಟ್ರೂ' (ನಡುಭಾಗ ಉಳಿಸಿ ಕತ್ತರಿಸು) ಬದಲು 'ಸೆಂಟರ್, ಟಾಪ್' ಅನ್ನುವ ಅರೇ (ಮೌಲ್ಯಗಳ ಪಟ್ಟಿ) ಕೊಡಬೇಕು. 3.9ನೇ ಆವೃತ್ತಿಯಿಂದ ಈ ಸೌಲಭ್ಯ ಇದೆ. ಕತ್ತರಿ ಕೆಳಗಿನಿಂದ ಬೀಳುತ್ತದೆ, ಕಿರೀಟ ಉಳಿಯುತ್ತದೆ.

ಕಿರಿಕಿರಿ ಶುರುವಾಗುವುದು ಆಮೇಲೆ. ಹೊಸ ಸಾಲು ಹೊಸ ಅಪ್‌ಲೋಡ್‌ಗಳಿಗೆ ಮಾತ್ರ ಅನ್ವಯ. ಹಳೆಯವನ್ನು ಮತ್ತೆ ತಯಾರಿಸಬೇಕು. ಅದಕ್ಕೆ ಆಜ್ಞೆ ಟೈಪ್ ಮಾಡಿ ವರ್ಡ್‌ಪ್ರೆಸ್ ನಡೆಸುವ ಸಾಧನ ಡಬ್ಲ್ಯೂಪಿ-ಸಿಎಲ್‌ಐನಲ್ಲಿ 'ಮೀಡಿಯಾ ರೀಜನರೇಟ್' ಆಜ್ಞೆ ಇದೆ. ಬೇಗ ಮುಗಿಯಲಿ ಅಂತ 'ಓನ್ಲಿ ಮಿಸ್ಸಿಂಗ್' ಸೇರಿಸಿದರೆ ಏನೂ ಆಗುವುದಿಲ್ಲ. 600×400 ಫೈಲು ಆಗಲೇ ಇದೆಯಲ್ಲ, ಅದರ ಲೆಕ್ಕದಲ್ಲಿ ಯಾವುದೂ ಮಿಸ್ಸಿಂಗ್ ಅಲ್ಲ!

ಅದನ್ನು ತೆಗೆದು ಪೂರ್ತಿ ಓಡಿಸಿದರೂ ಬ್ರೌಸರ್‌ನಲ್ಲಿ ಅದೇ ರುಂಡವಿಲ್ಲದ ವೇಷ. ಸರ್ವರ್‌ನಲ್ಲಿ ನೋಡಿದರೆ ಚಿತ್ರ ಸರಿಯಾಗೇ ಇದೆ. ಕಾರಣ ಇಷ್ಟೇ: ಫೈಲಿನ ಹೆಸರಿಗೆ ಅಳತೆ ಸೇರುತ್ತದೆ, ಕ್ರಾಪ್‌ನ ದಿಕ್ಕು ಸೇರುವುದಿಲ್ಲ. ಹೆಸರು ಬದಲಾಗದಿದ್ದರೆ ಕ್ಯಾಶ್ (ಬ್ರೌಸರ್ ಚಿತ್ರದ ಪ್ರತಿ ಉಳಿಸಿಕೊಳ್ಳುವ ಜಾಗ) ಯಾಕೆ ಹಳೆಯದನ್ನು ಬಿಡುತ್ತದೆ? ನನ್ನ ಕ್ಯಾಶ್ ಅಳಿಸಿಕೊಳ್ಳಬಹುದು, ಓದುಗರದ್ದು ಅಳಿಸೋಕಾಗಲ್ಲ ಅಲ್ವಾ? ಕೊನೆಗೆ ಎತ್ತರವನ್ನು 401 ಮಾಡಿ ಮತ್ತೆ ರೀಜನರೇಟ್ ಓಡಿಸಿದೆ. ಫೈಲಿನ ಹೆಸರು ಬದಲಾಯಿತು, ಎಲ್ಲರಿಗೂ ಕಿರೀಟ ಕಂಡಿತು. ಒಂದು ಪಿಕ್ಸೆಲ್ ಜಾಸ್ತಿ ಆದದ್ದು ಯಾರ ಕಣ್ಣಿಗೂ ಬೀಳಲಿಲ್ಲ.

ಸಿಡಿಎನ್‌ನಲ್ಲಿ ಈ ರಗಳೆ ಇಲ್ಲ. ಅಳತೆ, ಕ್ರಾಪ್ ಎರಡೂ ಯುಆರ್‌ಎಲ್‌ನಲ್ಲೇ ಇರುತ್ತವೆ, ಡಿಸ್ಕ್ ಜಾಗವೂ ಉಳಿಯುತ್ತದೆ. ಆದರೆ ತಿಂಗಳ ಬಿಲ್. ಜಾಹೀರಾತೇ ಇಲ್ಲದ ನನ್ನ ಸೈಟ್‌ಗೆ ಅದು ಹೊರೆ. ಸುದ್ದಿತಾಣ ನಡೆಸುವವರಾದರೆ ಸುಮ್ನೆ ಅದನ್ನೇ ಹಿಡಿಯಿರಿ.

ಕೋಡ್ ದಾರಿಯಲ್ಲಿ ಡಿಸ್ಕ್ ಮೇಲೆ ಕಣ್ಣಿಡಬೇಕು. ಪ್ರತಿ ಅಳತೆಗೂ ಒಂದೊಂದು ಫೈಲು. 5.3ರಿಂದ ವರ್ಡ್‌ಪ್ರೆಸ್ ತಾನಾಗಿಯೇ 1536, 2048 ಅಳತೆಗಳನ್ನೂ ಮಾಡುತ್ತದೆ. ನನಗೆ ಅವು ಬೇಡ, 'ರಿಮೂವ್ ಇಮೇಜ್ ಸೈಜ್' ಹಾಕಿ ತೆಗೆದಿದ್ದೇನೆ. ನನಗೆ ಆಗಾಗ ಥೀಮ್ (ಸೈಟ್‌ನ ವಿನ್ಯಾಸ) ಬದಲಿಸುವ ಚಟ, ಬದಲಿಸಿದರೆ ಹಳೆಯ ಥೀಮ್‌ನಲ್ಲಿದ್ದ ಕೋಡ್ ಕೆಲಸ ಮಾಡುವುದಿಲ್ಲ. ಹಾಗಾಗಿ ಈ ಸಾಲುಗಳು ಥೀಮ್‌ನ ಫಂಕ್ಷನ್ಸ್ ಫೈಲಿನಲ್ಲಿಲ್ಲ, ನಾನೇ ಬರೆದ ಪುಟ್ಟ ಪ್ಲಗಿನ್‌ನಲ್ಲಿವೆ.