ವೈರ್ ಇಲ್ಲದ ಕ್ಯಾಪ್ ಲ್ಯಾಂಪ್: ಬೆಟ್ಟದ ಗಣಿಲಿ ಕೆಲಸ ಮಾಡೋರಿಗೆ ಹೇಗಿದೆ

ಗಣಿ ಹೆಲ್ಮೆಟ್ ಮುಂದೆ ಸಿಕ್ಕಿಸೋ ಕ್ಯಾಪ್ ಲ್ಯಾಂಪ್ ಬಗ್ಗೆ ಎಲ್ಲಿ ನೋಡಿದ್ರೂ ಬೆಳಕಿನ ಅಳತೆ ಎಷ್ಟು ಲಕ್ಸ್, ಎಷ್ಟು ದೂರ ಬೆಳಕು ಹೋಗುತ್ತೆ ಅಂತ ಮಾತ್ರ ಬರೆದಿರ್ತಾರೆ. ಒಳಗಡೆ ಇಳಿಯೋರು ಕೇಳೋದೇ ಬೇರೆ, ಪಾಳಿ ಮುಗಿಯೋವರೆಗೂ ಆರಬಾರದು, ಎದುರಿಗಿರೋನ ಕಣ್ಣು ಕುಕ್ಕಬಾರದು. ವೈರ್ ಇಲ್ಲದ ಈ ಎಲ್‌ಇಡಿ ಲ್ಯಾಂಪನ್ನ ಮಳೆ ಚಳಿ ಬೇಸಿಗೆ ಎಲ್ಲದ್ರಲ್ಲೂ ಹಾಕಿ ನೋಡಿದೀನಿ, ಅದಕ್ಕೂ ಮುಂಚೆ ಸೊಂಟದ ಬ್ಯಾಟರಿ ಇರೋ ಹಳೇ ಲ್ಯಾಂಪನ್ನ ವರ್ಷಗಟ್ಟಲೆ ಹೊತ್ತಿದೀನಿ, ಅದಕ್ಕೇ ಎರಡನ್ನೂ ಪಕ್ಕಪಕ್ಕ ಇಟ್ಟು ಬರೀತಿದೀನಿ.

ಮೊದಲು ಭಾರ. ಹಳೇದ್ರಲ್ಲಿ ಸುಮಾರು 2 ಕೆಜಿ ಲೆಡ್ ಆಸಿಡ್ ಬ್ಯಾಟರಿ ಬೆಲ್ಟಿಗೆ, ಅದೇ ಬೆಲ್ಟಿಗೆ ಸೆಲ್ಫ್ ರೆಸ್ಕ್ಯೂಯರ್ (ಹೊಗೆ, ವಿಷಗಾಳಿ ತುಂಬಿದ್ರೆ ಉಸಿರಾಡೋಕೆ ಇರೋ ಡಬ್ಬಿ) ಬೇರೆ, ಬ್ಯಾಟರಿಯಿಂದ ಬೆನ್ನ ಮೇಲೆ ಹಾದು ಹೆಲ್ಮೆಟ್‌ವರೆಗೂ ವೈರು. ಏಣಿ ಹತ್ತೋವಾಗ ಬಂಡೆ ಕುಸಿಯದ ಹಾಗೆ ಹೊಡೆದಿರೋ ಯಾವ್ದೋ ರಾಕ್ ಬೋಲ್ಟ್ ತುದಿಗೆ ವೈರ್ ಸಿಕ್ಕಾಕೊಂಡು ಹೆಲ್ಮೆಟ್ ಹಿಂದಕ್ಕೆ ಎಳೆದ್ರೆ ಜೀವ ಬಾಯಿಗೆ ಬರುತ್ತೆ, ಆಸಿಡ್ ಸೋರಿದ್ರೆ ಪ್ಯಾಂಟೂ ಸುಡುತ್ತೆ ಚರ್ಮನೂ ಸುಡುತ್ತೆ. ಹೊಸದು ಕಾಲು ಕೆಜಿನೂ ಇಲ್ಲ. ಇಷ್ಟಕ್ಕೇ ಇದು ನನಗೆ ಇಷ್ಟ ಆಗಿದ್ದು. ಆದ್ರೆ ಅಷ್ಟೂ ಭಾರ ಹಣೆ ಮೇಲೇ ಕೂರೋದ್ರಿಂದ ಹೆಲ್ಮೆಟ್ ಮುಂದಕ್ಕೆ ಜಾರುತ್ತೆ, ರೂಫಲ್ಲಿ, ಅಂದ್ರೆ ಸುರಂಗದ ಚಾವಣಿಲಿ, ಸಡಿಲ ಆಗಿರೋ ಕಲ್ಲನ್ನ ಉದ್ದನೆ ಸರಳಿಂದ ಕೆಡವೋರು ಪಾಳಿಯೆಲ್ಲಾ ಮೇಲಕ್ಕೇ ನೋಡ್ತಾ ಇರ್ಬೇಕಲ್ಲ, ಅವರಿಗೆ ಕತ್ತು ಹಿಡಿಯುತ್ತೆ. ಹಿಂದೆ ತಿರುವಿ ಬಿಗಿ ಮಾಡೋ ಹೆಲ್ಮೆಟ್ ಇಲ್ದೆ ಈ ಲ್ಯಾಂಪ್ ಹಾಕ್ಲೇಬೇಡಿ.

ಬೆಳಕು ಚೆನ್ನಾಗಿದೆ. ಹಳೇ ಬಲ್ಬಿನ ಹಳದಿ ಬೆಳಕಲ್ಲಿ ಕಾಲಡಿ ಬಿದ್ದಿರೋ ಹೋಸ್ ಪೈಪೂ ಕಲ್ಲೂ ಒಂದೇ ಥರ ಕಾಣೋದು, ಇದರ ಬಿಳಿ ಬೆಳಕಲ್ಲಿ ಅಂಚು ಗೊತ್ತಾಗುತ್ತೆ. ಕೆಲಸದ ಜಾಗದ ಸುರಕ್ಷತೆ ಬಗ್ಗೆ ಸಂಶೋಧನೆ ಮಾಡೋ ಅಮೆರಿಕದ ನಿಯೋಶ್ (NIOSH) ಸಂಸ್ಥೆಯವರು ಗಣಿ ಕೆಲಸಗಾರರಿಗೆ ಅಂತಾನೇ ಪರೀಕ್ಷೆ ಮಾಡಿದಾರೆ, ತಂಪು ಬಿಳಿ ಎಲ್‌ಇಡಿಲಿ ಎಡವಿಸೋ ವಸ್ತುಗಳು ಬೇಗ ಕಣ್ಣಿಗೆ ಬೀಳುತ್ತವೆ, ವಯಸ್ಸಾದೋರಿಗೆ ಅದರ ಲಾಭ ಚೆನ್ನಾಗೇ ಕಾಣುತ್ತೆ. ನಮ್ಮ ಜೊತೆ ಇರೋ ಹಿರಿಯರು ಇದನ್ನ ವಾಪಸ್ ಕೊಡೋಕೆ ಒಪ್ಪದೇ ಇರೋದು ಯಾಕೆ ಅಂತ ಅರ್ಥ ಆಗುತ್ತೆ. ಆದ್ರೆ ಫುಲ್ ಬೆಳಕಲ್ಲಿ ಇಟ್ಕೊಂಡು ಯಾರ್ದಾದ್ರೂ ಮುಖ ನೋಡಿ ಮಾತಾಡಿದ್ರೆ ಅವರು ಆಮೇಲೆ ಸ್ವಲ್ಪ ಹೊತ್ತು ಕುರುಡರೇ, ಅಷ್ಟರಲ್ಲಿ ಅದಿರು ಗಾಡಿ ಎಳೆಯೋ ಲೋಕೋ (ಸಣ್ಣ ಇಂಜಿನ್) ಬಂದ್ರೆ ಕಷ್ಟ. ಹೊಸಬರಿಗೆ ಮೊದಲ್ನೇ ದಿನನೇ ಹೇಳ್ಕೊಡಿ, ಮಾತಾಡೋವಾಗ ಮುಖ ಸ್ವಲ್ಪ ವಾರೆ ಮಾಡಿ ಇಲ್ಲಾ ಲ್ಯಾಂಪ್ ಕೆಳಗೆ ಬಗ್ಗಿಸಿ. ತಲೆ ಅಡ್ಡಡ್ಡ ಆಡಿಸಿದ್ರೆ ನಿಲ್ಲಿಸು ಅಂತ ಅರ್ಥ, ಆ ಸಿಗ್ನಲ್ ಈ ಲ್ಯಾಂಪಲ್ಲಿ ದೂರದಿಂದ್ಲೂ ಸ್ಪಷ್ಟವಾಗಿ ಕಾಣುತ್ತೆ.

ಚಳಿ ವಿಷಯ ಬೆಟ್ಟದ ಗಣಿಯವರಿಗೆ ಮುಖ್ಯ. ಬೆಟ್ಟದೊಳಗೆ ಅಡ್ಡ ಸುರಂಗದಲ್ಲಿ ನಡ್ಕೊಂಡು ಹೋಗೋ ಗಣಿಲಿ ಚಳಿಗಾಲ ಬಂದ್ರೆ ಒಳಗಿನ ಬೆಚ್ಚಗಿನ ಗಾಳಿ ಬೆಟ್ಟದ ಮೇಲ್ಗಡೆ ಇರೋ ಸುರಂಗದ ಬಾಯಿಂದ ಹೊರಗೆ ಹೋಗುತ್ತೆ, ಅದರ ಜಾಗಕ್ಕೆ ಕೆಳಗಿನ ಬಾಯಿಂದ ಕೊರೆಯೋ ಗಾಳಿ ನುಗ್ಗುತ್ತೆ, ಬೇಸಿಗೆಲಿ ಇದು ಉಲ್ಟಾ. ಚಳಿಗೆ ಬ್ಯಾಟರಿ ಬೇಗ ಇಳಿಯುತ್ತೆ, ಹಂಗಾಗಿ ಚಳಿಗಾಲದಲ್ಲಿ ಕೆಳಗಿನ ಬಾಯಿ ಹತ್ರ ಅದಿರು ತುಂಬೋರು, ಲೋಕೋ ಓಡಿಸೋರು, ಇವರ ಲ್ಯಾಂಪೇ ಮೊದಲು ಮಂಕಾಗೋದು, ಆಳದಲ್ಲಿ ಕೆಲಸ ಮಾಡೋರ್ದು ಆರಾಮಾಗಿ ಪಾಳಿ ದಾಟುತ್ತೆ. ಒಂದೇ ಮಾಡೆಲ್‌ಗೆ ಒಬ್ಬರು ಹೊಗಳಿ ಇನ್ನೊಬ್ಬರು ಬೈಯೋದಕ್ಕೆ ಇದೂ ಒಂದು ಕಾರಣ. ಈ ಲ್ಯಾಂಪಲ್ಲಿರೋ ಲಿಥಿಯಂ ಬ್ಯಾಟರಿನ 0 ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡ್ಬಾರದು, ಒಳಗೆ ಲಿಥಿಯಂ ಪದರ ಕಟ್ಟಿ ಬ್ಯಾಟರಿ ಹಾಳಾಗುತ್ತೆ. ಪೆರುವಿನ ಲಾ ರಿಂಕೊನಾಡಾ ಥರ 5,000 ಮೀಟರ್‌ಗಿಂತ ಎತ್ತರದಲ್ಲಿರೋ ಚಿನ್ನದ ಗಣಿ ಊರಲ್ಲಿ ಮನೆ ಕಿಟಕಿ ಹತ್ರ ಚಾರ್ಜಿಗೆ ಹಾಕಿಟ್ರೆ ಏನಾಗುತ್ತೆ ಯೋಚ್ನೆ ಮಾಡಿ.

ಮನೆಲಿ ಚಾರ್ಜ್ ಮಾಡೋ ವಿಚಾರಕ್ಕೇ ನನ್ನ ದೊಡ್ಡ ತಕರಾರಿರೋದು. ಹಳೇ ಲ್ಯಾಂಪ್ ಎಷ್ಟೇ ಭಾರ ಇರ್ಲಿ, ಅದು ಲ್ಯಾಂಪ್ ರೂಮಿನ ರ‍್ಯಾಕಲ್ಲೇ ಚಾರ್ಜ್ ಆಗ್ಬೇಕಿತ್ತು, ಒಳಗೆ ಹೋಗೋವಾಗ ಟೋಕನ್ ಕೊಟ್ಟು ಲ್ಯಾಂಪ್ ತಗೋಬೇಕು, ಬಂದ್ಮೇಲೆ ಲ್ಯಾಂಪ್ ಇಟ್ಟು ಟೋಕನ್ ತಗೋಬೇಕು, ರ‍್ಯಾಕಲ್ಲಿ ಒಂದು ಜಾಗ ಖಾಲಿ ಇದೆ ಅಂದ್ರೆ ಒಬ್ಬ ಮನುಷ್ಯ ಇನ್ನೂ ಒಳಗಿದಾನೆ. ಒಳಗೆ ರೂಫ್ ಬಿದ್ದಿದೆ ಅನ್ನೋ ಸುದ್ದಿ ಕಾಲೋನಿಗೆ ಬಂದ್ರೆ ಹೆಂಗಸರು ಮಕ್ಕಳು ಓಡಿ ಬರೋದು ಆಫೀಸಿಗಲ್ಲ, ಲ್ಯಾಂಪ್ ರೂಮಿಗೆ, "ಅವರ ಲ್ಯಾಂಪ್ ಬಂತಾ" ಅಂತ ಕೇಳೋಕೆ. ಈಗ ಯುಎಸ್‌ಬಿ ಚಾರ್ಜಿಂಗ್ ಅನುಕೂಲ ಅಂತ ಲ್ಯಾಂಪನ್ನ ಮನೆಗೇ ತಗೊಂಡೋದ್ರೆ ಆ ಲೆಕ್ಕ ತಪ್ಪುತ್ತೆ. ಕಾರ್ಡಲ್ಲಿ ಪಂಚ್ ಮಾಡ್ತೀವಲ್ಲ ಅಂತಾರೆ, ಪಂಚ್ ಮಾಡೋದು ಮರೆತು ಹೊರಟೋಗ್ಬೋದು, ಲ್ಯಾಂಪ್ ಇಲ್ದೆ ಮಾತ್ರ ಯಾರೂ ಒಳಗೆ ನಡೆಯಲ್ಲ. ದಯವಿಟ್ಟು ರ‍್ಯಾಕ್ ಚಾರ್ಜರ್ ಇರೋ ಮಾಡೆಲ್ಲೇ ತರಿಸಿ ಅಂತ ನಿಮ್ಮ ಮ್ಯಾನೇಜರ್‌ಗೆ ಹೇಳಿ.

ಕಲ್ಲಿದ್ದಲು ಗಣಿಯವರು ಟ್ರೆಕ್ಕಿಂಗ್ ಹೆಡ್‌ಲ್ಯಾಂಪ್ ನೋಡಿ ಇದೂ ಅದೇ ಅಲ್ವಾ ಅಂದ್ಕೋಬೇಡಿ. ಕಲ್ಲಿದ್ದಲಿಂದ ಹೊರಡೋ ಮೀಥೇನ್ ಗ್ಯಾಸ್ ಗಾಳಿಲಿ 5ರಿಂದ 15 ಪರ್ಸೆಂಟ್ ಇದ್ದಾಗ ಸ್ಫೋಟ ಆಗೋಕೆ ಒಂದು ಕಿಡಿ ಸಾಕು. 1812ರಲ್ಲಿ ಇಂಗ್ಲೆಂಡಿನ ಫೆಲ್ಲಿಂಗ್ ಗಣಿ ಸ್ಫೋಟದಲ್ಲಿ 92 ಜನ ಸತ್ತ ಮೇಲೇ 1815ರಲ್ಲಿ ಹಂಫ್ರಿ ಡೇವಿ ಸುರಕ್ಷಿತ ದೀಪ ಮಾಡಿದ್ದು. ಗ್ಯಾಸ್ ಇರೋ ಗಣಿಗೆ ಅಂತ ಅನುಮೋದನೆ ಮಾರ್ಕ್ ಲ್ಯಾಂಪಿನ ಮೇಲೆ ಇಲ್ಲಾಂದ್ರೆ ಯಾರು ಎಷ್ಟು ಹೇಳಿದ್ರೂ ಮುಟ್ಬೇಡಿ.

ಇನ್ನು ಸಣ್ಣಪುಟ್ಟದ್ದು. ಸ್ವಿಚ್ ತೀರಾ ಒಳಗೆ ಹೂತಿದೆ, ಕೆಸರಾಗಿರೋ ಗ್ಲೌಸಲ್ಲಿ ಒತ್ತೋಕೆ ಆಗಲ್ಲ. ನೀರಲ್ಲಿ ಬಿದ್ದಿದೆ, ಏನೂ ಆಗಿಲ್ಲ. ಚಾರ್ಜ್ ಆಗೋ ಜಾಗದ ಪಿನ್ನು ಗಣಿ ನೀರಿಗೆ ಹಸಿರುಗಟ್ಟುತ್ತೆ, ಪಾಳಿ ಮುಗಿದ ತಕ್ಷಣ ಒಣಬಟ್ಟೇಲಿ ಒರೆಸಿ ಇಡಿ, ಇಲ್ಲಾಂದ್ರೆ ರಾತ್ರಿಯೆಲ್ಲಾ ರ‍್ಯಾಕಲ್ಲಿದ್ರೂ ಬೆಳಿಗ್ಗೆ ಅರ್ಧ ಚಾರ್ಜೂ ಇರಲ್ಲ. 5ಕ್ಕೆ 4 ಕೊಡ್ತೀನಿ, ರ‍್ಯಾಕ್ ಇಲ್ದೆ ಬರೀ ಯುಎಸ್‌ಬಿ ಕೇಬಲ್ ಜೊತೆ ಬರೋ ಮಾಡೆಲ್ ಆದ್ರೆ 2.