ಪದದ ತೂಕ ತೋರಿಸುವ ಆನ್‌ಲೈನ್ ತರಗತಿ

ಕಥೆ ಬರೆಯುವವರಿಗಾಗಿ ನಡೆಯುವ ಈ ಆನ್‌ಲೈನ್ ತರಗತಿ ನನಗೆ ತುಂಬ ಹಿಡಿಸಿದೆ. ಶೈಲಿಯ ಬಗ್ಗೆ ಉಪನ್ಯಾಸ ಕೊಡುವ ಬದಲು ಶಿಕ್ಷಕಿ ನೇರವಾಗಿ ನಮ್ಮ ವಾಕ್ಯಕ್ಕೇ ಕೈಹಾಕುತ್ತಾರೆ. ‘ಮುದುಕ ಬಾಗಿಲಲ್ಲಿ ನಿಂತಿದ್ದ’ ಎಂದು ನಾನು ಬರೆದಿದ್ದೆ. ಅದರ ಕೆಳಗೆ ಅವರು ‘ಹಿರಿಯರು ಬಾಗಿಲಲ್ಲಿ ನಿಂತಿದ್ದರು’, ‘ಮುದುಕ ಬಾಗಿಲಿಗೇ ಬಂದು ವಕ್ಕರಿಸಿದ್ದ’ ಎಂದು ಬರೆದು, ಕಥೆ ಹೇಳುವವನಿಗೆ ಆ ವ್ಯಕ್ತಿಯ ಮೇಲೆ ಗೌರವವೋ ತಿರಸ್ಕಾರವೋ ಎಂದು ಕೇಳಿದರು. ಬಹುವಚನದ ಒಂದು ಪ್ರತ್ಯಯವೂ ನಿರೂಪಕನ ನಿಲುವನ್ನು ಬಿಟ್ಟುಕೊಡುತ್ತದೆ ಎಂಬುದನ್ನು ಇಷ್ಟು ಸ್ಪಷ್ಟವಾಗಿ ಯಾರೂ ನನಗೆ ತೋರಿಸಿರಲಿಲ್ಲ.

ಸಾವಿನ ಪಾಠವಂತೂ ಅಪರೂಪದ್ದು. ‘ನಿಧನರಾದರು’ ಎಂದರೆ ಪತ್ರಿಕೆಯ ಸುದ್ದಿ. ‘ತೀರಿಕೊಂಡರು’ ಎಂದರೆ ಮನೆಯವರ ಮಾತು. ಮಗಳು ತಾಯಿಯ ಕುರಿತು ಹೇಳುವ ಕಥೆಯಲ್ಲಿ ಮೊದಲನೆಯದನ್ನು ಬಳಸಿದರೆ ಅವರಿಬ್ಬರ ನಡುವೆ ತಟ್ಟನೆ ದೂರ ಹುಟ್ಟುತ್ತದೆ. ಆ ದೂರ ಕಥೆಗೆ ಬೇಕಿದ್ದರೆ ಅದೇ ಸರಿಯಾದ ಪದ. ಈ ಕೊನೆಯ ಮಾತನ್ನು ಸೇರಿಸಿ ಹೇಳಿದ್ದಕ್ಕೇ ಶಿಕ್ಷಕಿಯ ಮೇಲೆ ನನಗೆ ಅಭಿಮಾನ.

ಸಂಭಾಷಣೆಯ ಭಾಗವನ್ನು ಮಾತ್ರ ಅವಸರದಲ್ಲಿ ಮುಗಿಸುತ್ತಾರೆ. ವ್ಯಾಕರಣ ತಿದ್ದಿಸಿಕೊಳ್ಳಲು ಬರುವವರಿಗೆ ಇದು ಹೇಳಿಸಿದ್ದಲ್ಲ. ಬರೆದದ್ದೆಲ್ಲ ಸರಿಯಿದ್ದೂ ಸಪ್ಪೆ ಎನಿಸುತ್ತಿದ್ದರೆ ಖಂಡಿತ ಸೇರಿಕೊಳ್ಳಿ.