ಗರ್ಭಿಣಿಯ ಹಲ್ಲುನೋವನ್ನು ಹೆರಿಗೆಯ ತನಕ ತಳ್ಳಬೇಡಿ

ಗರ್ಭಿಣಿಗೆ ಹಲ್ಲುನೋವು ಬಂದಾಗ "ಹೆರಿಗೆ ಆಗಲಿ, ಆಮೇಲೆ ನೋಡೋಣ" ಎಂದು ಯಾರೇ ಹೇಳಲಿ, ಹಲ್ಲಿನ ಡಾಕ್ಟರೇ ಹೇಳಲಿ, ಸುಮ್ನೆ ಒಪ್ಪಿಕೊಂಡು ಮನೆಗೆ ಬರಬೇಡಿ. ಇಲ್ಲೇ ಬೆಂಗಳೂರಲ್ಲಿ ನನ್ನ ತಂಗಿಗೆ ಹಾಗೇ ಆಯಿತು.

ಐದನೇ ತಿಂಗಳಲ್ಲಿ ಅವಳಿಗೆ ಹಲ್ಲುಜ್ಜುವಾಗ ವಸಡಿನಿಂದ ರಕ್ತ ಬರುತ್ತಿತ್ತು. ಒಂದು ದವಡೆ ಹಲ್ಲು ಹುಳುಕಾಗಿತ್ತು. ಮನೆ ಹತ್ತಿರದ ಕ್ಲಿನಿಕ್‌ನಲ್ಲಿ ಬಾಯಿಯನ್ನೂ ಸರಿಯಾಗಿ ನೋಡಲಿಲ್ಲ. "ಎಕ್ಸ್‌ರೇ, ಇಂಜೆಕ್ಷನ್ ಏನೂ ಕೊಡೋಕಾಗಲ್ಲ ಅಮ್ಮ, ಡೆಲಿವರಿ ಆದ್ಮೇಲೆ ಬನ್ನಿ" ಎಂದು ಕಳಿಸಿಬಿಟ್ಟರು. ಮಗು ಹಲ್ಲಿನ ಕ್ಯಾಲ್ಸಿಯಂ ಎಳ್ಕೊಳ್ಳುತ್ತೆ, ಇದೆಲ್ಲ ಮಾಮೂಲಿ ಎಂದು ಮನೆಯ ಹಿರಿಯರೂ ಹೇಳಿದರು. ಲವಂಗ ಕಚ್ಚಿಕೊಂಡು ದಿನ ದೂಡಿದಳು. ಏಳನೇ ತಿಂಗಳ ಕೊನೆಗೆ ಕೀವು ತುಂಬಿ ಕೆನ್ನೆ ಊದಿತು. ಜ್ವರ ಬಂತು. ಗಂಜಿ ಕುಡಿಯಲೂ ಬಾಯಿ ತೆರೆಯಲಾಗಲಿಲ್ಲ. ಮೆಡಿಕಲ್ ಶಾಪ್‌ನವರು ಏನೂ ಕೇಳದೆ ಐಬುಪ್ರೊಫೆನ್ ಇರುವ ನೋವಿನ ಮಾತ್ರೆ ಕೊಟ್ಟಿದ್ದರು. 20 ವಾರ ದಾಟಿದ ಮೇಲೆ ಅದು ಮಗುವಿನ ಕಿಡ್ನಿಗೆ ತೊಂದರೆ ಮಾಡಬಹುದು. ಪುಣ್ಯಕ್ಕೆ ಹೆರಿಗೆ ಡಾಕ್ಟರ್ ನೋಡಿ ನಿಲ್ಲಿಸಿದರು. ಕೊನೆಗೆ ಆಸ್ಪತ್ರೆಗೆ ಸೇರಿಸಿ, ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟೇ ಹಲ್ಲು ಕಿತ್ತರು. ಐದನೇ ತಿಂಗಳಲ್ಲಿ ಕೊಡೋಕಾಗಲ್ಲ ಅಂದದ್ದು ಇದೇ ಇಂಜೆಕ್ಷನ್! ನನಗೆ ಇವತ್ತಿಗೂ ಸಿಟ್ಟು ಇಳಿದಿಲ್ಲ.

ಮಗು ತಾಯಿಯ ಹಲ್ಲಿನಿಂದ ಕ್ಯಾಲ್ಸಿಯಂ ಎಳೆದುಕೊಳ್ಳುವುದಿಲ್ಲ. ಬಸುರಿಯಲ್ಲಿ ಹಾರ್ಮೋನ್ ಏರುವುದರಿಂದ ಹಲ್ಲಿಗಂಟಿದ ಕೊಳೆಗೆ ವಸಡು ಬೇಗ ಊದಿಕೊಳ್ಳುತ್ತದೆ, ರಕ್ತ ಬರುತ್ತದೆ. ಕ್ಲೀನಿಂಗ್ ಮಾಡಿಸಿದರೆ ಹತೋಟಿಗೆ ಬರುತ್ತದೆ. ಕ್ಲೀನಿಂಗ್, ಫಿಲ್ಲಿಂಗ್‌ಗೆ ನಾಲ್ಕರಿಂದ ಆರನೇ ತಿಂಗಳು ಅನುಕೂಲ. ಕೀವು, ಊತ ಇದ್ದರೆ ಯಾವ ತಿಂಗಳಾದರೂ ಕಾಯಬಾರದು. ಹಲ್ಲು ಮರಗಟ್ಟಿಸಲು ಕೊಡುವ ಲಿಡೋಕೇನ್ ಇಂಜೆಕ್ಷನ್ ಗರ್ಭಿಣಿಯರಿಗೂ ಕೊಡಬಹುದು. ಅಗತ್ಯವಿದ್ದರೆ ಸೀಸದ ಏಪ್ರನ್ ಹಾಕಿ ಎಕ್ಸ್‌ರೇಯನ್ನೂ ತೆಗೆಯಬಹುದು. ಟೆಟ್ರಾಸೈಕ್ಲಿನ್ ಎಂಬ ಆಂಟಿಬಯಾಟಿಕ್ ಬೇಡ, ಹುಟ್ಟುವ ಮಗುವಿನ ಹಲ್ಲಿಗೆ ಕಲೆ ಬೀಳಬಹುದು.

ವಾಂತಿ ಜಾಸ್ತಿ ಇರುವವರು ವಾಂತಿಯಾದ ತಕ್ಷಣ ಬ್ರಷ್ ಮಾಡಬೇಡಿ. ಹೊಟ್ಟೆಯ ಆಮ್ಲದಿಂದ ಹಲ್ಲಿನ ಮೇಲ್ಪದರ ಮೆತ್ತಗಾಗಿರುತ್ತದೆ, ಉಜ್ಜಿದರೆ ಸವೆಯುತ್ತದೆ. ಚಿಟಿಕೆ ಅಡುಗೆ ಸೋಡಾ ಹಾಕಿದ ನೀರಲ್ಲಿ ಬಾಯಿ ಮುಕ್ಕಳಿಸಿ. ಅರ್ಧ ಗಂಟೆಯಾದರೂ ಬಿಟ್ಟು ಉಜ್ಜಿ.

ಕ್ಲಿನಿಕ್‌ನಲ್ಲಿ ಆಗಲ್ಲ ಅಂದರೆ ಇನ್ನೊಂದು ಕಡೆ ಹೋಗಿ. ಬೆಂಗಳೂರಿನ ವಾಣಿವಿಲಾಸ ಆಸ್ಪತ್ರೆಗೆ ಚೆಕಪ್‌ಗೆ ಹೋಗುವವರಿಗೆ ಕೋಟೆಯ ಸರ್ಕಾರಿ ದಂತ ಕಾಲೇಜು ಹತ್ತಿರವೇ ಇದೆ. ತಾಯಿ ಕಾರ್ಡ್ ಜೊತೆಗಿರಲಿ. ಎಷ್ಟನೇ ವಾರ, ಯಾವ ಮಾತ್ರೆ ನುಂಗುತ್ತಿದ್ದೀರಿ ಎಂದು ಮೊದಲೇ ಹೇಳಿ.